ಬಾಗೆ ಮರ ಗಲಗಲ ಅನ್ನುವುದು ಯಾಕೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಮ್ಮ ನಿಂಗಾಜಮ್ಮ. ಕೂತು ಕಥೆ ಹೇಳುವಷ್ಟು ಪುರುಸೊತ್ತು ಅವರಿಗೆ ಯಾವತ್ತೂ ಇರಲಿಲ್ಲ, ನಿಂತೇ ಹೇಳಿದರು. ನೀವು ಬೇಕಾದರೆ ಕೂತುಕೊಳ್ಳಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕು ಅಂತ ಬೆಟ್ಟಗಳಿಗೇ ಗೊತ್ತಾಗಿರಲಿಲ್ಲ. ಆಗ ಮರಗಳು ಎಲೆಗಳಿಂದ ಮಾತಾಡುತ್ತಿದ್ದವು. ಎಲೆ ಇರುವಷ್ಟು ದಿನ ಹರಟೆಯೋ ಹರಟೆ. ಎಲೆ ಉದುರಿತೋ, ಬಾಯಿ ಬಂದ್.

ಬಯಲಿನ ನಡುವೆ ಒಂದು ಬಾಗೆ ಮರ. ಎಲ್ಲರಿಗೂ ಬಾಗಕ್ಕ. ಇಡೀ ಲೋಕಕ್ಕೆ ಅದೊಂದೇ ಬಾಗೆ, ಅದರ ಬುಡಕ್ಕೂ ಗೆದ್ದಲು ಹತ್ತಿತ್ತು.

"ಒಂದು ಸಸಿಯಾದ್ರೂ ಹುಟ್ಟದಿದ್ರೆ ನನ್ನ ಕುಲ ನನ್ನ ಜೊತೇನೇ ಮುಗೀತು," ಅಂದಳು ಬಾಗಕ್ಕ.

"ನಾನಿಲ್ವಾ ಅಕ್ಕ!" ಅಂತ ಓಡಿ ಬಂದಳು ಚಿಣುಕಿ ಅಳಿಲು. ಒಳ್ಳೆಯ ಮನಸ್ಸು, ತಡೆಯಲಾರದ ಉತ್ಸಾಹ. ಇವೆರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹಸಿರು ಕಾಯಿ ಕಂಡಿದ್ದೇ ತಡ, ಕಟಕಟ ಕಚ್ಚಿ, ಒಂದೂ ಬಿಡದೆ ಕಿತ್ತು, ಬಯಲ ತುಂಬಾ ಹೂತಳು.

ಮಳೆ ಬಂತು. ಹುಲ್ಲು ಹುಟ್ಟಿತು. ತುಂಬೆ ಹುಟ್ಟಿತು. ಬಾಗೆ ಹುಟ್ಟಲಿಲ್ಲ. ಕೆದಕಿ ನೋಡಿದರೆ ಎಲ್ಲವೂ ಕೊಳೆತು ಮುದ್ದೆ.

"ಲೇ ಚಿಣುಕಿ! ತೊಟ್ಟಿಲ ಕೂಸನ್ನ ಎತ್ಕೊಂಡು ಹೋಗಿ ಧಾರೆ ಎರೆದ್ಯಲ್ಲೇ! ಬಲಿಯೋಕೆ ಬಿಡಬಾರದಾ?"

"ಬಲಿಯೋ ಹೊತ್ತಿಗೆ ನಿನ್ನ ಎಲೆ ಉದುರಿರುತ್ತಲ್ಲಕ್ಕ! ಬೋಳು ಮರ ಎಲ್ಲಾ ಒಂದೇ ಥರ. ಹೋದ ಬೇಸಿಗೇಲಿ ನೀನೇ ಅಂದ್ಕೊಂಡು ಮುಳ್ಳು ಬೂರುಗವನ್ನ ತಬ್ಕೊಂಡೆ. ಹೊಟ್ಟೆ ಇನ್ನೂ ಉರೀತಿದೆ."

ಮತ್ತೆ ಕಾಯಿ ಬಿಟ್ಟಿತು. ಗೆದ್ದಲು ಕಾಂಡದ ಅರ್ಧಕ್ಕೆ ಏರಿತ್ತು. ಇದೇ ಕೊನೆಯ ಫಸಲು ಅಂತ ಬಾಗಕ್ಕನಿಗೆ ಗೊತ್ತಾಯಿತು. ಕೊನೆಯ ಎಲೆ ಉದುರುವ ಮೊದಲು ಗಾಳಿಯನ್ನು ಕರೆದಳು.

"ಗಾಳಿಯಣ್ಣ, ನನ್ನ ಬಾಯಿ ಹೋಗ್ತಿದೆ. ಕಾಯಿ ಬಲಿತಾಗ ಚಿಣುಕಿನ ನೀನೇ ಕೂಗಬೇಕು."

"ನನಗೆ ದೂರಕ್ಕೆ ಕೇಳೋ ಹಾಗೆ ಕೂಗೋಕೆ ಎಲ್ಲಿ ಬರುತ್ತಮ್ಮ? ಏನಾದ್ರೂ ಕೊಡು, ಅಲ್ಲಾಡಿಸ್ತೀನಿ. ನನಗೆ ಬರೋದು ಅದೊಂದೇ."

ಬಾಗಕ್ಕ ಬೀಜಗಳಿಗೆ ಪಿಸುಗುಟ್ಟಿದಳು: "ಮಕ್ಕಳೇ, ಎಳೆಯವರಿರುವಾಗ ಕಾಯಿಗೆ ಅಂಟಿಕೊಂಡಿರಿ. ಬಲಿತ ಮೇಲೆ ಕೈ ಬಿಡಿ. ಗಾಳಿ ಮಾವ ಬಂದಾಗ ಕುಣೀರಿ!"

ಕೊನೆಯ ಎಲೆ ಉದುರಿತು. ಬಿಸಿಲು ಏರಿತು. ಬೋಳು ಮರಗಳ ನಡುವೆ ಚಿಣುಕಿ ಓಡಿದಳು. "ಅಕ್ಕಾ, ನೀನಾ? ಅಕ್ಕಾ, ನೀನಾ?" ಯಾವ ಮರಕ್ಕೂ ಬಾಯಿಲ್ಲ. ಅತ್ತ ಮಳೆ ಮೋಡ ಕಟ್ಟುತ್ತಿದೆ.

ಆಗ ಬಂತು ನೋಡಿ, ಗಾಳಿ!

ಗಲ ಗಲ ಗಲ ಗಲ!

"ಅಲ್ಲಿದ್ದಾಳೆ! ನಮ್ಮಕ್ಕ ಅಲ್ಲಿದ್ದಾಳೆ!" ಚಿಣುಕಿ ಬಾಲ ಎತ್ತಿ ಓಡಿದ್ದೇ ಓಡಿದ್ದು. ಸರಸರ ಹತ್ತಿ ಕೊಂಬೆಗೆ ಬಾಯಿ ಹಾಕಬೇಕು, ಗಾಳಿ ಅವಳ ಕಿವಿಯಲ್ಲೇ ಗದರಿತು.

"ಮತ್ತೆ ಬೋಳಿಸ್ತೀಯಾ? ಇಳಿ ಕೆಳಗೆ! ಬಿದ್ದದ್ದು ಆಯ್ಕೋ. ಹುಳ ತೂತು ಮಾಡಿದ್ದು ಬೇಡ. ಮೇಲಿರೋದು ನನ್ನ ಪಾಲು, ನಾನೂ ಬಿತ್ತೋನೇ. ಗಿಣಿಗೂ ಒಂದಿಷ್ಟಿರಲಿ."

ಚಿಣುಕಿ ಮುಖ ಊದಿಸಿಕೊಂಡೇ ಇಳಿದಳು. ಆಯ್ದಳು, ಗಟ್ಟಿಯಾದದ್ದನ್ನು ಆರಿಸಿದಳು, ಬಿತ್ತಿದಳು. ಗಾಳಿ ತನ್ನ ಪಾಲನ್ನು ದೂರದೂರ ಹಾರಿಸಿತು.

ಮಳೆ ಬಂತು. ಹುಲ್ಲು ಹುಟ್ಟಿತು. ತುಂಬೆ ಹುಟ್ಟಿತು. ಬಾಗಕ್ಕ ಚಿಗುರಿ, ಮೊದಲ ಎಲೆಯಲ್ಲೇ ಕೇಳಿದಳು, "ಏನಾಯ್ತೇ?"

ಮಣ್ಣು ಬಿರಿಯಿತು.

"ಅಕ್ಕಾ! ತಲೆ ಕಾಣ್ತಿದೆ! ಅಯ್ಯೋ, ಇಲ್ಲೊಂದು! ಅಲ್ಲೊಂದು!"

"ಪಕ್ಕಕ್ಕೆ ಸರಿಯೇ, ನಾನೂ ನೋಡ್ಬೇಕು!" ಮುದುಕಿ ಎಷ್ಟು ಬಗ್ಗಿದಳೆಂದರೆ, ಗೆದ್ದಲು ತಿಂದ ಕಾಂಡ ಲಟಲಟನೆ ಮುರಿದು ಸಸಿಗಳ ಪಕ್ಕಕ್ಕೇ ಮಲಗಿತು. ಕಣ್ತುಂಬ ನೋಡಿಯೇ ಮಲಗಿದಳು.

ಅದಕ್ಕೇ ಇವತ್ತಿಗೂ ಬೇಸಿಗೆಯಲ್ಲಿ ಎಲೆಯಿಲ್ಲದ ಮರವೊಂದು ಚಪ್ಪಟೆ ಕಾಯಿ ಅಲ್ಲಾಡಿಸುತ್ತಾ ಗಲಗಲ ಅನ್ನುತ್ತದೆ: ನಾನು ಬಾಗೆ, ನನ್ನ ಬೀಜ ಬಲಿತಿದೆ, ಬಿದ್ದದ್ದನ್ನು ಆಯ್ದುಕೋ ಅಂತ. ನಿಮ್ಮ ಬೀದಿಯಲ್ಲಿ ಯಾರಾದರೂ ಹಸಿ ಕಾಯಿ ಕೀಳಲು ದೋಟಿ ಹಿಡಿದು ಬಂದರೆ, ಅದನ್ನು ಎತ್ತುವ ಮೊದಲೇ ಅವರಿಗೆ ಈ ಕಥೆ ಹೇಳಿಬಿಡಿ.