ಹೊಳೆ ದಾಟಿದ ಚೀಟಿ

"ಗುರುಗಳೇ, ಊರವರು ಶಾಲೆ ತೆರೆದಿದ್ದಾರೆ. ಪಾಠ ಹೇಳಲು ಬಾ ಎಂದು ಎರಡು ಸಲ ಕರೆಯಲು ಬಂದರು. ನನಗಿನ್ನೂ ಧೈರ್ಯ ಸಾಲದು. ಇನ್ನೊಂದು ವರ್ಷ ಇಲ್ಲೇ ಓದಿಕೊಂಡಿರಲೇ?" ಎಂದು ಮುರುಗಯ್ಯ ಕೇಳಿದ.

ಗುರುಗಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. "ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಹೊಳೆಯಾಚೆ ಒಬ್ಬ ಹೆಂಗಸಿನ ಮಗುವಿಗೆ ಜ್ವರ ನೆತ್ತಿಗೇರಿತ್ತು. ವೈದ್ಯ ಬೆಳಗಿನ ದೋಣಿಯಲ್ಲಿ ಮದ್ದಿನ ಪೊಟ್ಟಣ ಕಳಿಸಿದ. ಎಷ್ಟು ಕೊಡಬೇಕೆಂದು ಬರೆದ ಚೀಟಿಯನ್ನು ಮಾತ್ರ ಮರೆತ, ಪುಣ್ಯಾತ್ಮ. ರಾಗಿಕಾಳಿನಷ್ಟು ಕೊಟ್ಟರೆ ಅದು ಮದ್ದು, ಚಿಟಿಕೆ ಕೊಟ್ಟರೆ ವಿಷ. ಅಷ್ಟರಲ್ಲಿ ಹೊಳೆ ಏರಿ ದೋಣಿ ನಿಂತಿತು. ಆಚೆ ದಡದಲ್ಲಿ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಪೊಟ್ಟಣ ಎತ್ತಿ ತೋರಿಸುತ್ತ ನಿಂತಳು. ನೀರಿನ ಸದ್ದಿಗೆ ಎಷ್ಟು ಕೂಗಿದರೂ ಕೇಳಿಸಲಿಲ್ಲ. ಚೀಟಿಯನ್ನು ಕಲ್ಲಿಗೆ ಕಟ್ಟಿ ಎಸೆದರೆ ನಡುಹೊಳೆಗೆ ಬಿತ್ತು.

ಆ ಊರಿನ ಶಾಲೆಯ ಟೀಚರಮ್ಮ ಬಂದಳು. "ನಮ್ಮ ದಡ ಎತ್ತರ. ಗಾಳಿಯೂ ಆಚೆಗೇ ಬೀಸುತ್ತಿದೆ. ಇನ್ನೊಂದು ಚೀಟಿ ಬರೆಯಿರಿ, ಕಾಗದದ ವಿಮಾನ ಮಾಡಿ ಹಾರಿಸೋಣ" ಎಂದಳು.

ವೈದ್ಯನಿಗೆ ಒಂದು ಜಂಬ. ದಿನಕ್ಕೆ ನೂರು ಪೊಟ್ಟಣ ಕಟ್ಟುವ ಕೈ ಅದು. "ಹೇಗೆಂದು ಹೇಳಿ ಸಾಕು, ನಾನೇ ಮಡಚುತ್ತೇನೆ" ಎಂದ. ಅವಳು ಹೇಳಿದಳು. ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ, ಉಗುರಿನಿಂದ ಗೆರೆ ತೀಡಿ, ಬಿಚ್ಚಿದ. ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತಂದ. ಇಳಿಜಾರಾದ ಅಂಚುಗಳನ್ನು ಮತ್ತೊಮ್ಮೆ ಅದೇ ಗೆರೆಗೆ ತಂದ. ಮೂತಿ ಚೂಪಾಯಿತು. ನಡುಗೆರೆಯ ಮೇಲೆ ಮಡಚಿ ಎರಡೂ ಕಡೆ ರೆಕ್ಕೆ ಇಳಿಸಿದ. ಅಲ್ಲಿಯವರೆಗೆ ಒಂದು ಕೂದಲೆಳೆ ತಪ್ಪಿಲ್ಲ. ಆಮೇಲೆ ಆ ಕೈ ಸುಮ್ಮನಿರಬೇಕಲ್ಲ? ಪುಡಿ ಚೆಲ್ಲದಿರಲೆಂದು ಪೊಟ್ಟಣದ ಕೊನೆಯನ್ನು ಒಳಗೆ ಸಿಕ್ಕಿಸುವ ಹಾಗೆ ರೆಕ್ಕೆಗಳ ಅಂಚನ್ನೂ ಒಳಗೆ ಸಿಕ್ಕಿಸಿತು. ಎಸೆದರೆ ಕಾಲ ಬುಡದಲ್ಲೇ ಬಿದ್ದು, ಜಾರಿ ನೀರು ಸೇರಿತು.

"ಇದರಲ್ಲಿ ಚೆಲ್ಲುವುದೇನಿದೆ, ವೈದ್ಯರೇ? ರೆಕ್ಕೆ ತೆರೆದೇ ಇರಲಿ" ಎಂದಳು ಟೀಚರಮ್ಮ.

ಮತ್ತೆ ಬರೆದ, ಮತ್ತೆ ಮಡಚಿದ. ಈ ಸಲ ರೆಕ್ಕೆಗಳನ್ನು ಬಿಚ್ಚಿ ಸಮ ಮಾಡಿದ. ಆದರೆ ಎಸೆಯಲು ಕೈ ಬರಲಿಲ್ಲ. ಗೆರೆಗಳನ್ನು ತೀಡುತ್ತಲೇ ನಿಂತ. ಅತ್ತ ತಾಯಿ ಕಾದು ಕಾದು ಸೋತು ಪೊಟ್ಟಣ ಬಿಚ್ಚತೊಡಗಿದಳು. ಅದನ್ನು ಕಂಡದ್ದೇ ವೈದ್ಯ ತೀಡುವುದನ್ನು ನಿಲ್ಲಿಸಿದ. ವಿಮಾನವನ್ನು ಎಸೆದೇಬಿಟ್ಟ.

ಅದು ಮೊದಲು ಮುಗ್ಗರಿಸಿತು. ಆಮೇಲೆ ಗಾಳಿ ಸಿಕ್ಕಿ ಮೇಲೆದ್ದಿತು. ಏರಿದ ಹೊಳೆಯನ್ನು ಪೂರ್ತಿ ದಾಟಿ ತಾಯಿಯ ಮುಂದೆಯೇ ಇಳಿಯಿತು. ಅವಳು ಬಿಚ್ಚಿ ಓದಿದಳು. ಉಗುರಿನ ತುದಿಯಲ್ಲಿ ಒಂದು ಕಾಳಿನಷ್ಟು ಮದ್ದು ತೆಗೆದು ಮಗುವಿಗೆ ನೆಕ್ಕಿಸಿದಳು. ಸಂಜೆಗೆ ಮಗು ಬೆವರಿತು, ಕಣ್ಣು ಬಿಟ್ಟಿತು, ಹಾಲು ಕೇಳಿತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಈ ದಡಕ್ಕೆ ತೋರಿಸಿದಳು. ಅರವತ್ತು ವರ್ಷದ ವೈದ್ಯ ಪಂಚೆ ಎತ್ತಿಕಟ್ಟಿ ಕುಣಿದುಬಿಟ್ಟ.

ಕತೆ ಮುಗಿಯಿತು. ಮುರುಗಯ್ಯನ ಮುಖ ಅರಳಿತ್ತು. "ಗುರುಗಳೇ, ಆ ರೆಕ್ಕೆಯ ಮಡಿಕೆ ಹೇಗೆಂದಿರಿ? ಇನ್ನೊಮ್ಮೆ ಹೇಳಿ, ಸರಿಯಾಗಿ ಕಲಿತುಕೊಳ್ಳುತ್ತೇನೆ" ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು. "ಅಲ್ಲಿ ಮಕ್ಕಳು ನಿನ್ನ ದಾರಿ ಕಾಯುತ್ತಿದ್ದಾರೆ, ನೀನು ಇನ್ನೂ ಮಡಚುತ್ತಲೇ ಕೂತಿದ್ದೀಯಲ್ಲೋ."