ಓಗೊಡದ ಮೋಡೆಮ್

"ಗುರುಗಳೇ, ಎಷ್ಟು ಕರೆದರೂ ಓಗೊಡದವರನ್ನು ಕೈಬಿಟ್ಟರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

"ತಡೀರಿ, ಹೇಳ್ತೀನಿ" ಅಂದಳು ಒಬ್ಬನ ಹೆಂಡತಿ, ಸಾವಿನ ಹಾಸಿಗೆಯಲ್ಲಿ. ಹೇಳುವ ಮೊದಲೇ ಉಸಿರು ನಿಂತಿತು. ಏನು ಹೇಳಬೇಕೆಂದಿದ್ದಳೋ, ಅದೊಂದು ಗಂಡನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮಣ್ಣು ಮಾಡಿದ. ತಿಥಿ ಮುಗಿಸಿದ. ಕೆಲಸಕ್ಕೆ ಬಂದ. ಅಣೆಕಟ್ಟಿನ ಕಚೇರಿಯಲ್ಲಿ ತಂತ್ರಾಂಶ ಬರೆಯುವ ಕೆಲಸ ಅವನದು.

ಮೇಲೆ ಬೆಟ್ಟದಲ್ಲಿ, ಹೊಳೆಯ ದಂಡೆಗೆ, ನೀರಿನ ಮಟ್ಟ ಅಳೆಯುವ ಯಂತ್ರವಿತ್ತು. ಕಚೇರಿಯ ಮೋಡೆಮ್ ಫೋನಿನ ತಂತಿಯಲ್ಲಿ ಕರೆಯಬೇಕು. ಬೆಟ್ಟದ ಹಳೇ ಮೋಡೆಮ್ ಮಟ್ಟ ಹೇಳಬೇಕು. ನೆರೆ ಬಂದರೆ ಕೆಳಗಿನ ಊರುಗಳಿಗೆ ಸುದ್ದಿ ಸಿಗುತ್ತಿದ್ದುದು ಅದರಿಂದಲೇ. ಕಚೇರಿಗೆ ಹೊಸ ಮೋಡೆಮ್ ಬಂದ ಮೇಲೆ ಮಾತ್ರ ಎಷ್ಟು ಕರೆದರೂ ಉತ್ತರವಿಲ್ಲ.

"ಅದು ಸತ್ತಿದೆ. ನಾಳೆ ತಂತಿ ಕತ್ತರಿಸಿ" ಎಂದ ಅಧಿಕಾರಿ.

ಹೆಂಡತಿಯನ್ನು ಕಳೆದುಕೊಂಡವನು ಅಷ್ಟರಲ್ಲಿ ಒಂದು ತಂತ್ರಾಂಶ ಬರೆದಿದ್ದ. ತಂತಿಯ ಮೇಲೆ ಏನು ಹೋಯಿತು, ಏನು ಬಂತು, ಯಾವಾಗ ಬಂತು, ಎಲ್ಲವನ್ನೂ ಅದು ತೆರೆಯ ಮೇಲೆ ತೋರಿಸುತ್ತಿತ್ತು. ತಾನಾಗಿ ಒಂದಕ್ಷರ ಆಡುತ್ತಿರಲಿಲ್ಲ. ಬರೀ ಕಿವಿ.

"ಹೆಣದ ನಾಡಿ ಹಿಡ್ಕೊಂಡು ಕೂತಿದ್ದೀಯೇನಯ್ಯ?" ಅಧಿಕಾರಿ ನಕ್ಕ.

"ಹೆಣ ಅಂದೋರು ನಾಡಿ ನೋಡಿದ್ರಾ ಸ್ವಾಮಿ?"

ತೆರೆ ತೋರಿಸಿದ. ಕಚೇರಿಯ ಹೊಸ ಮೋಡೆಮ್ ಕರೆಯಿತು. ಒಂದು ಗಳಿಗೆ ಕಾದು ಫೋನು ಇಟ್ಟಿತು. ಇಡುವ ಹೊತ್ತಿಗೆ ಸರಿಯಾಗಿ ಬೆಟ್ಟದಿಂದ ಒಂದು ಅಕ್ಷರ ಬಂತು.

"ಅದು ಬಾಯಿ ತೆರೀತಿದೆ. ನಾವು ಫೋನು ಇಡ್ತಿದ್ದೀವಿ. ಇನ್ನಷ್ಟು ಹೊತ್ತು ಕಾಯೋ ಹಾಗೆ ಮಾಡ್ತೀನಿ."

"ಒಂದು ಮುದಿ ಮೋಡೆಮ್‌ಗೆ ಕಚೇರಿಯೆಲ್ಲ ಕಾಯಬೇಕಾ? ಮುಟ್ಟಿ ನೋಡು, ನಾಳೆಯಿಂದ ಕೆಲಸಕ್ಕೆ ಬರಬೇಡ."

ಮರುದಿನ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಬಂದ. ಮುಟ್ಟಿದ. ಕಾಯುವ ಹೊತ್ತನ್ನು ಹಿಗ್ಗಿಸಿ ಬೆಟ್ಟಕ್ಕೆ ಕರೆ ಹಚ್ಚಿದ. ಲೈನ್‌ಮನ್ ಇಕ್ಕಳ ಹಿಡಿದು ಬಂದಾಗ, ತಂತಿ ಒಳಬರುವ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅಧಿಕಾರಿ ಕೂಗಾಡಿದ. ಅವನು ಏಳಲಿಲ್ಲ. ತೆರೆಯ ಮೇಲೆ ಒಂದು ಅಂಕಿ ಬಂತು. ತಡೆದು ಇನ್ನೊಂದು. ಹೊಳೆ ಏರುತ್ತಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಓಗೊಡಲಿಲ್ಲ ಅಂದೆಯಲ್ಲ, ಕರೆದ ಮೇಲೆ ನೀನು ಅಲ್ಲಿ ನಿಂತಿದ್ದೆಯಾ?"