ವೇದಿಕೆ ಹತ್ತಿದ ಹರಕು ಸೀರೆ

ನೇಕಾರರ ಸಹಾಯಾರ್ಥ ಬಟ್ಟೆ ಕಂಪನಿಯೊಂದು ಹುಬ್ಬಳ್ಳಿಯಲ್ಲಿ ಫ್ಯಾಷನ್ ಶೋ ಇಟ್ಟಿತ್ತು. ಆ ಕಂಪನಿಗೆ ನೇಯ್ದು ಕೊಡುವ ಇಳಕಲ್ಲಿನ ಶಂಕ್ರವ್ವ ತಾನೇ ನೇಯ್ದ ಹೊಸ ಸೀರೆಯುಟ್ಟು ಬಂದಳು. ಕಂಪನಿಯ ಮೇಡಂ ಮುಖ ಸಿಂಡರಿಸಿದಳು.

"ಹೀಗೆ ಬಂದರೆ ದೇಣಿಗೆ ಯಾರು ಕೊಡ್ತಾರಮ್ಮ? ಇದನ್ನ ಉಟ್ಕೊ" ಎಂದು ಹರಕು ಸೀರೆಯೊಂದನ್ನು ಕೈಗಿಟ್ಟಳು.

ಶಂಕ್ರವ್ವನಿಗೆ ಮೈಯೆಲ್ಲ ಉರಿಯಿತು. ಆದರೂ ಅದನ್ನೇ ಉಟ್ಟು ವೇದಿಕೆ ಹತ್ತಿದಳು.

"ನೇಕಾರರನ್ನು ನಾವು ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ" ಎಂದು ಭಾಷಣ ಬಿಗಿದ ಮೇಡಂ, ಮೈಕನ್ನು ಅವಳ ಕೈಗೆ ಕೊಟ್ಟಳು.

"ಖರೇ ಐತ್ರಿ," ಎಂದಳು ಶಂಕ್ರವ್ವ. "ನಾ ಉಟ್ಟು ಬಂದಿದ್ದ ಹೊಸಾ ಸೀರಿ ಬಿಚ್ಚಿಸಿ, ಮೇಡಮ್ಮಾರು ಈಗ ಇದನ್ನ ಉಡಿಸ್ಯಾರ. ಹನ್ನೆರಡು ವರ್ಷ ನೇಯ್ದು ಕೊಟ್ಟಿದ್ದಕ್ಕ ಕಂಪನಿ ನನಗ ಕೊಟ್ಟ ಮೊದಲನೇ ಸೀರಿ ಇದು!"

ಸೆರಗಿನ ತೂತಿನಲ್ಲಿ ಕೈ ತೂರಿಸಿ ತೋರಿಸಿದಳು. ಸಭೆ ಗೊಳ್ಳೆಂದಿತು. ಕೆಂಪೇರಿದ ಮೇಡಂ ಮೈಕ್ ಕಸಿಯಲು ಓಡಿಬಂದಳು.

"ತಡೀರಿ, ಹಿಂದ ಕುಂತವರು ಇನ್ನೂ ನೋಡಿಲ್ಲ," ಎಂದು ಶಂಕ್ರವ್ವ ಮಾಡೆಲ್ಲುಗಳ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ಮುಂದೆ ನಡೆದಳು.